ಪೈಥಾನ್ ಮೊದಲಾ, ಗ್ರಾಫ್ ಥಿಯರಿ ಮೊದಲಾ? ಎರಡೂ ಅಲ್ಲ

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಮುಂದಿನ ಸೆಮಿಸ್ಟರ್‌ಗೆ ‘ಕಾಂಪ್ಲೆಕ್ಸ್ ನೆಟ್‌ವರ್ಕ್ಸ್ ಮತ್ತು ಬಿಗ್ ಡೇಟಾ’ ಅನ್ನುವ ಎಲೆಕ್ಟಿವ್ ನನ್ನ ಪಾಲಿಗೆ ಬಂದಿದೆ. ಯಾರು ಬೇಕಾದರೂ ತಗೊಳ್ಳಬಹುದು ಅಂತ ಇಟ್ಟಿದ್ದಾರೆ. ಹಾಗಾಗಿ ಸಮಾಜಶಾಸ್ತ್ರ, ಜೀವಶಾಸ್ತ್ರ, ಬಿ.ಕಾಂ., ಬಿಸಿಎ ಎಲ್ಲರೂ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ. ಅರ್ಧ ಜನ ಎಸ್‌ಎಸ್‌ಎಲ್‌ಸಿ ಆದ ಮೇಲೆ ಗಣಿತ ಮುಟ್ಟಿಲ್ಲ. ಬಿಸಿಎ ಮಕ್ಕಳಿಗೆ ಕೋಡಿಂಗ್ ಬಿಟ್ಟು ಬೇರೆ ಏನು ಹೇಳಿದರೂ ಬೋರು. ಪೈಥಾನ್ ಕೋಡಿಂಗ್‌ನಿಂದ ಶುರು ಮಾಡಲಾ, ನೆಟ್‌ವರ್ಕ್‌ಗಳ ಗಣಿತವಾದ ಗ್ರಾಫ್ ಥಿಯರಿಯಿಂದಲಾ? ಲ್ಯಾಬಿನಲ್ಲಿ ಕಂಪ್ಯೂಟರೂ ಸಾಲುವುದಿಲ್ಲ. ಪರೀಕ್ಷೆಯಲ್ಲಿ ಏನು ಕೇಳಬೇಕು ಅಂತಾನೂ ಗೊತ್ತಾಗುತ್ತಿಲ್ಲ.

ಉತ್ತರ: ಮೇಡಂ, ಮೊದಲ ಮೂರು ವಾರ ಎರಡೂ ಬೇಡ.

ಪೈಥಾನ್‌ನಿಂದ ಶುರು ಮಾಡಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲಿಲ್ಲ, ಎಲ್ಲೋ ಒಂದು ಸ್ಪೇಸ್ ಜಾಸ್ತಿ ಆಯಿತು, ಕೆಂಪು ಅಕ್ಷರದಲ್ಲಿ ಎರರ್ ಬಂತು. ಬಿ.ಎ. ಹುಡುಗಿ ‘ಇದು ನನಗಲ್ಲ’ ಅಂತ ಎರಡನೇ ವಾರಕ್ಕೇ ತೀರ್ಮಾನ ಮಾಡಿಬಿಡುತ್ತಾಳೆ. ಗ್ರಾಫ್ ಥಿಯರಿಯಿಂದ ಶುರು ಮಾಡಿದರೆ ಬೋರ್ಡಿನ ತುಂಬ ಡೆಫಿನಿಷನ್. ಬಿಸಿಎಯವರು ಬಾಯಿಪಾಠ ಮಾಡುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ. ಎರಡೂ ದಾರಿಯಲ್ಲಿ ಕ್ಲಾಸಿನ ಒಂದು ಗುಂಪು ಮೊದಲ ದಿನದಿಂದಲೇ ಮುಂದೆ, ಇನ್ನೊಂದು ಗುಂಪು ಹಿಂದೆ. ಆ ಅಂತರ ಸೆಮಿಸ್ಟರ್ ಮುಗಿಯುವವರೆಗೂ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ವಿಷಯದ ನಿಜವಾದ ಕಷ್ಟ ಕೋಡ್‌ನಲ್ಲೂ ಇಲ್ಲ, ಫಾರ್ಮುಲಾದಲ್ಲೂ ಇಲ್ಲ. ನೆಟ್‌ವರ್ಕ್ ಅಂದರೆ ಚುಕ್ಕೆಗಳು, ಅವನ್ನು ಜೋಡಿಸುವ ಗೆರೆಗಳು, ಅಷ್ಟೆ. ಇಲ್ಲಿ ಚುಕ್ಕೆ ಅಂದರೆ ಯಾವುದು, ಗೆರೆ ಅಂದರೆ ಯಾವುದು ಅಂತ ಮನುಷ್ಯರು ಕೂತು ತೀರ್ಮಾನ ಮಾಡಬೇಕಲ್ಲ, ಕಷ್ಟ ಇರುವುದು ಅಲ್ಲಿ. ಕಂಪ್ಯೂಟರ್ ಆನ್ ಮಾಡುವ ಮುಂಚೆಯೇ ಆ ತೀರ್ಮಾನ ಆಗಿಹೋಗಿರುತ್ತದೆ. ಆಮೇಲೆ ಬರುವ ಲೆಕ್ಕವೆಲ್ಲ ಅದರ ಮೇಲೇ ನಿಂತಿರುತ್ತದೆ. ಖುಷಿಯ ಸಂಗತಿ ಅಂದರೆ ಈ ಪ್ರಶ್ನೆಯ ಮುಂದೆ ಬಿಸಿಎ, ಬಿ.ಎ. ಎಲ್ಲ ಒಂದೇ. ಎಷ್ಟೋ ಸಲ ಸಮಾಜಶಾಸ್ತ್ರದವರೇ ಮುಂದೆ ಇರುತ್ತಾರೆ.

ಹೇಗೆ ಅಂತ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ನಮ್ಮ ಮೆಟ್ರೋ ನಕ್ಷೆಯ ಪ್ರಿಂಟ್ ತೆಗೆದು ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಕೊಡಿ. ನೇರಳೆ ಮಾರ್ಗ, ಹಸಿರು ಮಾರ್ಗ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ನೇರಳೆ, ಹಸಿರು ಸೇರುವುದು ಮೆಜೆಸ್ಟಿಕ್‌ನಲ್ಲಿ. ಹಸಿರು, ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ನಿಲ್ದಾಣವೇ ಚುಕ್ಕೆ, ಅದರಲ್ಲಿ ಜಗಳ ಇಲ್ಲ. ಗೆರೆ ಯಾವುದು?

ಅರ್ಧ ಕ್ಲಾಸಿಗೆ ಹೇಳಿ: ಅಕ್ಕಪಕ್ಕದ ಎರಡು ನಿಲ್ದಾಣಗಳ ನಡುವೆ ಮಾತ್ರ ಗೆರೆ ಎಳೆಯಿರಿ. ಇನ್ನರ್ಧಕ್ಕೆ ಹೇಳಿ: ರೈಲು ಬದಲಾಯಿಸದೆ ಹೋಗಬಹುದಾದ ಯಾವ ಎರಡು ನಿಲ್ದಾಣ ಇದ್ದರೂ ಗೆರೆ ಎಳೆಯಿರಿ. ಮಾಹಿತಿ ಒಂದೇ, ಕಾಗದ ಒಂದೇ. ಹಳದಿ ಮಾರ್ಗದಲ್ಲಿ 16 ನಿಲ್ದಾಣ ಇವೆ. ಮೊದಲ ಗುಂಪಿಗೆ ಅಲ್ಲಿ 15 ಗೆರೆ ಸಿಗುತ್ತದೆ. ಎರಡನೇ ಗುಂಪಿಗೆ 120. ಸ್ವಲ್ಪ ಹೊತ್ತಿಗೆ ಅವರು ಪೆನ್ಸಿಲ್ ಕೆಳಗಿಟ್ಟು ‘ಮೇಡಂ, ಇದು ಬರೀ ಕಪ್ಪಾಗ್ತಿದೆ’ ಅನ್ನುತ್ತಾರೆ. ಅನ್ನಲಿ.

ಈಗ ಕೇಳಿ: ವೈಟ್‌ಫೀಲ್ಡ್‌ನಿಂದ ಬೊಮ್ಮಸಂದ್ರಕ್ಕೆ ಎಷ್ಟು ದೂರ? ಮೊದಲ ಗುಂಪು ಒಂದೊಂದೇ ನಿಲ್ದಾಣ ಎಣಿಸುತ್ತಾ ಹೋಗುತ್ತದೆ, ಮುಗಿಯುವುದೇ ಇಲ್ಲ. ಎರಡನೇ ಗುಂಪು ಥಟ್ಟನೆ ‘ಮೂರು’ ಅನ್ನುತ್ತದೆ. ಮೆಜೆಸ್ಟಿಕ್‌ವರೆಗೆ ಒಂದು ರೈಲು, ಆರ್.ವಿ. ರಸ್ತೆವರೆಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಯಾರದ್ದು ಸರಿ? ಹೊತ್ತಾಯಿತು ಅಂತ ಗಡಿಯಾರ ನೋಡುತ್ತಾ ಹೋಗುವವರಿಗೆ ಮೊದಲನೆಯದು. ಬ್ಯಾಗ್ ಹಿಡಿದುಕೊಂಡು ಮೆಜೆಸ್ಟಿಕ್ ಮೆಟ್ಟಿಲು ಹತ್ತಿ ಇಳಿಯಬೇಕಲ್ಲಪ್ಪಾ ಅಂತ ಚಿಂತೆ ಮಾಡುವ ಅಜ್ಜಿಗೆ ಎರಡನೆಯದು.

ಅಷ್ಟಕ್ಕೇ ಬಿಡಬೇಡಿ. ಇಂದಿರಾನಗರ ನಿಲ್ದಾಣದಲ್ಲಿ ಹಳಿ ಕೆಟ್ಟಿದೆ ಅಂತ ಹೇಳಿ ಆ ಚುಕ್ಕೆಯನ್ನು ಅಳಿಸಿ. ಮೊದಲ ಚಿತ್ರ ಎರಡು ತುಂಡಾಗುತ್ತದೆ. ಎರಡನೇ ಚಿತ್ರಕ್ಕೆ ಏನೂ ಆಗುವುದಿಲ್ಲ! ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಎಳೆದ ಗೆರೆ ಹಾಗೇ ಇದೆ. ನಿಜವಾಗಿ ಹಳಿ ಇಲ್ಲದೆ ರೈಲು ಹೋಗುತ್ತದಾ? ಅಂದರೆ ಪ್ರಯಾಣದ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟ ಚಿತ್ರವೇ ರಿಪೇರಿಯ ಪ್ರಶ್ನೆಗೆ ಸುಳ್ಳು ಹೇಳುತ್ತದೆ. ಇಷ್ಟರಲ್ಲಿ ಜೀವಶಾಸ್ತ್ರದ ಕಡೆಯಿಂದ ಯಾರಾದರೂ ಕೈ ಎತ್ತಿ ‘ಒಂದೇ ಬೋಗಿಯಲ್ಲಿ ಕೂತವರಿಗೆ ಜ್ವರ ಹರಡೋದಾದರೆ?’ ಅಂತ ಕೇಳಬಹುದು. ಕೇಳದಿದ್ದರೆ ನೀವೇ ಕೇಳಿ.

ಈ ಒಂದು ಆಟದಲ್ಲಿ ಡಿಗ್ರಿ (ಒಂದು ಚುಕ್ಕೆಗೆ ಎಷ್ಟು ಗೆರೆ ಅನ್ನುವುದು), ದೂರ, ತ್ರಿಕೋನಗಳ ಲೆಕ್ಕ, ತುಂಡಾಗುವುದು ಎಲ್ಲ ಬಂದುಹೋಯಿತು. ಮೊದಲ ಚಿತ್ರದಲ್ಲಿ ಒಂದೇ ಒಂದು ತ್ರಿಕೋನ ಇಲ್ಲ, ಎರಡನೆಯದರಲ್ಲಿ ಬರೀ ತ್ರಿಕೋನವೇ. ಕ್ಲಸ್ಟರಿಂಗ್ ಅಂದರೆ ಅದೇ. ಹೆಸರು ಆಮೇಲೆ ಕೊಡಿ. ಕಂಡ ಮೇಲೆ ಹೆಸರು ಕೊಟ್ಟರೆ ಮರೆಯುವುದಿಲ್ಲ.

ಗೆರೆಗೆ ದಿಕ್ಕು ಕೊಡುವ ಬಾಣದ ಪಾಠವನ್ನೂ ಹೀಗೇ ಮಾಡಿ. ಹುಲ್ಲು, ಮಿಡತೆ, ಕಪ್ಪೆ, ಹಾವು ಅಂತ ಬರೆದು ಬಾಣ ಹಾಕಿ ಅಂದರೆ ಬಿ.ಕಾಂ. ಮಕ್ಕಳು ತಿನ್ನುವವರಿಂದ ತಿನ್ನಿಸಿಕೊಂಡವರ ಕಡೆಗೆ ಹಾಕುತ್ತಾರೆ. ಜೀವಶಾಸ್ತ್ರದವರು ಉಲ್ಟಾ ಹಾಕುತ್ತಾರೆ. ಅವರಿಗೆ ಬಾಣ ಅಂದರೆ ಶಕ್ತಿ ಹೋಗುವ ದಾರಿ. ‘ಯುಪಿಐನಲ್ಲಿ ದುಡ್ಡು ಹೋಗೋ ಕಡೆಗೆ ಬಾಣ ಹಾಕ್ತೀರಲ್ಲ, ಹಾಗೆ’ ಅಂತ ಅವರೇ ಬಿ.ಕಾಂ.ನವರಿಗೆ ಹೇಳಿಕೊಡಲಿ. ನೀವು ಮಧ್ಯೆ ಹೋಗಬೇಡಿ.

ಮೂರನೇ ವಾರದ ಹೊತ್ತಿಗೆ ಒಂದು ನಿಜವಾದ ಡೇಟಾ ಬೇಕಾಗುತ್ತದೆ. ಈ ವಿಷಯ ಕಲಿಸುವವರೆಲ್ಲ ಬಳಸುವ ಕರಾಟೆ ಕ್ಲಬ್ಬಿನ ಕಥೆಯನ್ನೇ ತಗೊಳ್ಳಿ. ಎಲ್ಲರೂ ಬಳಸುತ್ತಾರೆ ಅಂತ ಮೂಗು ಮುರಿಯುವವರಿದ್ದಾರೆ. ಬಳಸುವುದಕ್ಕೆ ಕಾರಣ ಇದೆ. 1970ರ ಸುಮಾರಿನಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬಿನಲ್ಲಿ ಫೀಸಿನ ವಿಷಯಕ್ಕೆ ಕೋಚ್‌ಗೂ ಕ್ಲಬ್ಬಿನ ಅಧ್ಯಕ್ಷರಿಗೂ ಜಗಳ ಆಗಿ ಕ್ಲಬ್ಬು ಎರಡಾಯಿತು. ವೇಯ್ನ್ ಝಕಾರಿ ಅನ್ನುವ ಮಾನವಶಾಸ್ತ್ರಜ್ಞರು ಅಲ್ಲೇ ಇದ್ದು ಎಲ್ಲ ಗಮನಿಸಿ 1977ರಲ್ಲಿ ಪ್ರಕಟಿಸಿದರು. 34 ಜನ, 78 ಗೆರೆ. ಇಲ್ಲಿ ಗೆರೆ ಅಂದರೆ ಇಬ್ಬರೂ ಕ್ಲಬ್ಬಿನ ಹೊರಗೂ ಒಡನಾಟ ಇಟ್ಟುಕೊಂಡವರು ಅಂತ. ಒಟ್ಟಿಗೆ ಕರಾಟೆ ಮಾಡಿದರು ಅನ್ನುವಷ್ಟಕ್ಕೇ ಗೆರೆ ಇಲ್ಲ. ಇದನ್ನು ಮಕ್ಕಳಿಗೆ ಒತ್ತಿ ಹೇಳಿ.

ಕ್ಲಬ್ಬು ಹೇಗೆ ಒಡೆಯಿತು ಅಂತ ಹೇಳದೆ ಚಿತ್ರ ಮಾತ್ರ ಕೊಡಿ. ಪೆನ್ಸಿಲ್‌ನಿಂದ ಎರಡು ಭಾಗ ಮಾಡಿ ಅನ್ನಿ. ಒಬ್ಬರಿಗೆ 16 ಗೆರೆ, ಇನ್ನೊಬ್ಬರಿಗೆ 17. ಕೋಚ್ ಯಾರು, ಅಧ್ಯಕ್ಷ ಯಾರು ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಅವರಿಬ್ಬರ ನಡುವೆ ನೇರ ಗೆರೆ ಇಲ್ಲ ಅನ್ನುವುದೂ ಕಾಣುತ್ತದೆ. ಝಕಾರಿ ಅವರ ಲೆಕ್ಕ ಒಬ್ಬನನ್ನು ಬಿಟ್ಟು ಉಳಿದ ಎಲ್ಲರನ್ನೂ ಸರಿಯಾದ ಕಡೆಗೆ ಹಾಕಿತು. ತಪ್ಪಿದ್ದು 9ನೇ ನಂಬರಿನವನ ವಿಷಯದಲ್ಲಿ. ಲೆಕ್ಕದ ಪ್ರಕಾರ ಅವನು ಅಧ್ಯಕ್ಷರ ಕಡೆಯವನು, ಆದರೆ ಹೋಗಿದ್ದು ಕೋಚ್ ಹಿಂದೆ. ಯಾಕೆ? ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಬಾಕಿ ಇತ್ತು. ಕೋಚನ್ನು ಬಿಟ್ಟರೆ ವರ್ಷಗಟ್ಟಲೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಈ ಕಾರಣ ಆ 78 ಗೆರೆಗಳಲ್ಲಿ ಎಲ್ಲೂ ಇಲ್ಲ. ಝಕಾರಿ ಅವರು ಅಲ್ಲೇ ಇದ್ದು ನೋಡಿದ್ದರಿಂದ ಮಾತ್ರ ಗೊತ್ತಾಯಿತು. ಇದನ್ನು ಬಿಸಿಎ ಮಕ್ಕಳ ಮುಂದೆ ಹೇಳಿ, ಆಮೇಲೆ ಸಮಾಜಶಾಸ್ತ್ರದವರ ಮುಖ ನೋಡಿ.

ಇದೇ ಡೇಟಾದಲ್ಲಿ ಇನ್ನೊಂದು ಲೆಕ್ಕ ಮಾಡಿಸಿ. ನೀವು ಸ್ಟ್ಯಾಟಿಸ್ಟಿಕ್ಸ್‌ನವರು, ನಿಮಗೆ ಇಷ್ಟ ಆಗುತ್ತದೆ. 34 ಜನಕ್ಕೆ ಸರಾಸರಿ ಎಷ್ಟು ಗೆಳೆಯರು? 78 ಗೆರೆಗೆ ಎರಡೆರಡು ತುದಿ, ಒಟ್ಟು 156. ಅದನ್ನು 34ರಿಂದ ಭಾಗಿಸಿದರೆ ಸುಮಾರು 4.6. ಈಗ ಪ್ರತಿಯೊಂದು ಗೆರೆಯ ಎರಡೂ ತುದಿಗೆ ಹೋಗಿ ‘ನಿನಗೆ ಎಷ್ಟು ಗೆಳೆಯರು’ ಅಂತ ಕೇಳಿ ಸರಾಸರಿ ತೆಗೆಯಿರಿ. ಬಂದ ಉತ್ತರಗಳ ಮೊತ್ತ 1212, ಅದನ್ನು 156ರಿಂದ ಭಾಗಿಸಬೇಕು, ಸುಮಾರು 7.8 ಬರುತ್ತದೆ. ಅಂದರೆ ಗೆಳೆಯರಿಗೆ ಇರುವ ಗೆಳೆಯರ ಸರಾಸರಿ ಜಾಸ್ತಿಯೇ ಕಾಣುತ್ತದೆ, ಎಲ್ಲರಿಗೂ ಸಮನಾಗಿ ಗೆಳೆಯರಿದ್ದರೆ ಮಾತ್ರ ಇಲ್ಲ. ಸ್ಕಾಟ್ ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞರು 1991ರಲ್ಲಿ ಇದನ್ನು ಬರೆದರು. ಮಂತ್ರ ಏನೂ ಇಲ್ಲ. 17 ಗೆರೆ ಇರುವವನನ್ನು 17 ಸಲ ಎಣಿಸುತ್ತೀರಿ, ಒಂದೇ ಗೆರೆ ಇರುವವನನ್ನು ಒಂದು ಸಲ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಆದರೆ ಇನ್‌ಸ್ಟಾಗ್ರಾಂ ನೋಡಿ ಎಲ್ಲರಿಗೂ ನನಗಿಂತ ಜಾಸ್ತಿ ಫ್ರೆಂಡ್ಸ್ ಅಂತ ಕೊರಗುವ ವಯಸ್ಸಿನವರಿಗೆ ಈ ಲೆಕ್ಕ ಚೆನ್ನಾಗಿ ನಾಟುತ್ತದೆ.

ಆದಮೇಲೆ ಕರ್ನಾಟಕದ ಡೇಟಾಕ್ಕೆ ಬನ್ನಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಆದರೆ ನೆಟ್‌ವರ್ಕ್ ಸಂಶೋಧನೆಯಲ್ಲಿ ಜಗತ್ತಿನಾದ್ಯಂತ ಬಳಸುವ ಒಂದು ಪ್ರಸಿದ್ಧ ಡೇಟಾ ನಮ್ಮ ಹಳ್ಳಿಗಳದ್ದೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೋ, ಮ್ಯಾಥ್ಯೂ ಜಾಕ್ಸನ್ ಸೇರಿ ಕರ್ನಾಟಕದ 75 ಹಳ್ಳಿಗಳ ಸಮೀಕ್ಷೆ ಇಟ್ಟುಕೊಂಡು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರಶ್ನೆ ಇಷ್ಟೆ: ಊರಿಗೆ ಸಣ್ಣ ಸಾಲ ಕೊಡುವ ಸಂಸ್ಥೆ ಬಂತು ಅನ್ನುವ ಸುದ್ದಿ ಹೇಗೆ ಹರಡುತ್ತದೆ?

ಅವರು 12 ಬಗೆಯ ಸಂಬಂಧ ಕೇಳಿದ್ದರು. ಯಾರ ಮನೆಗೆ ಹೋಗುತ್ತೀರಿ, ಯಾರು ನಿಮ್ಮ ಮನೆಗೆ ಬರುತ್ತಾರೆ, ಅಕ್ಕಿ ಸೀಮೆಎಣ್ಣೆ ಕಡ ಬೇಕಾದರೆ ಯಾರನ್ನು ಕೇಳುತ್ತೀರಿ, ಯಾರಿಗೆ ಕೊಡುತ್ತೀರಿ, ಕೈಸಾಲ ಯಾರ ಹತ್ತಿರ, ಹುಷಾರಿಲ್ಲದಾಗ ಯಾರ ಸಲಹೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ, ಹೀಗೆ. ಮುಖ್ಯ ಲೆಕ್ಕದಲ್ಲಿ ಈ 12ರಲ್ಲಿ ಯಾವುದಾದರೂ ಒಂದು ಇದ್ದರೆ ಆ ಎರಡು ಮನೆಗಳ ನಡುವೆ ಗೆರೆ. ಮಕ್ಕಳಿಗೆ ಇದನ್ನು ಹೇಳಿದ ತಕ್ಷಣ ಹಳ್ಳಿಯಿಂದ ಬರುವವರು ಒಪ್ಪುವುದಿಲ್ಲ ನೋಡಿ. ‘ದೇವಸ್ಥಾನಕ್ಕೆ ಜೊತೆಯಲ್ಲಿ ಹೋದರೆ ಸಾಲ ಕೊಡ್ತಾರಾ ಮೇಡಂ?’ ಅನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಸಂಬಂಧಗಳ ಕಡತ ಬೇರೆ ಬೇರೆಯಾಗಿಯೇ ಎಲ್ಲರಿಗೂ ಸಿಗುತ್ತದೆ, ಹೆಸರುಗಳಿಲ್ಲದೆ. ಒಂದೇ ಊರಿನ ದೇವಸ್ಥಾನದ ಚಿತ್ರ ಒಂದು ಕಡೆ, ಅಕ್ಕಿ ಸೀಮೆಎಣ್ಣೆಯ ಚಿತ್ರ ಇನ್ನೊಂದು ಕಡೆ ಇಟ್ಟು ನೋಡಲಿ. ಮೆಟ್ರೋ ಪಾಠವೇ ಇಲ್ಲಿ ಜನರ ವಿಷಯವಾಗಿ ತಿರುಗಿ ಬರುತ್ತದೆ.

ಸಂಶೋಧಕರಿಗೆ ಕಂಡದ್ದು ಏನು ಅಂದರೆ, ಆ ಸಂಸ್ಥೆ ಕಾಲಿಟ್ಟ 43 ಹಳ್ಳಿಗಳಲ್ಲಿ ಮೊದಲು ಸುದ್ದಿ ಹೇಳಿದ್ದು ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳು ಇಂಥವರಿಗೆ. ಅವರಿಗೆ ಎಷ್ಟು ಜನ ಗೊತ್ತು ಅನ್ನುವುದಕ್ಕಿಂತ, ಗೊತ್ತಿರುವವರಿಗೆ ಎಷ್ಟು ಜನ ಗೊತ್ತು ಅನ್ನುವುದು ಮುಖ್ಯವಾಗಿತ್ತು. ಆ ಲೆಕ್ಕದಲ್ಲಿ ಅವರು ಊರಿನ ನಡುವಿನಲ್ಲಿದ್ದರೆ ಅಲ್ಲಿ ಸಾಲಕ್ಕೆ ಸೇರಿದವರೂ ಜಾಸ್ತಿ. ಐಗನ್‌ವೆಕ್ಟರ್ ಸೆಂಟ್ರಾಲಿಟಿ ಅಂತ ಹೆದರಿಸುವ ಹೆಸರಿನ ಅಳತೆ ಇದೆಯಲ್ಲ, ಅದು ಇದೇ. ಮ್ಯಾಟ್ರಿಕ್ಸ್ ಗುಣಾಕಾರ ಬಿಸಿಎಯವರಿಗೆ ಬಿಡಿ. ಉಳಿದವರಿಗೆ ಇಷ್ಟು ಮಾತು ಸಾಕು.

ಅದೇ ನಾಲ್ವರು ಆಮೇಲೆ ಕರ್ನಾಟಕದ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಒಂದು ಲಾಟರಿಯ ಸುದ್ದಿ ಹರಡಬೇಕು. ಕೆಲವು ಊರಲ್ಲಿ ಯಾರೋ ಸಿಕ್ಕವರಿಗೆ ಹೇಳಿದರು, ಕೆಲವು ಊರಲ್ಲಿ ಹಿರಿಯರಿಗೆ, ಇನ್ನು ಕೆಲವು ಊರಲ್ಲಿ ‘ಸುದ್ದಿ ಬೇಗ ಹಬ್ಬಬೇಕಾದರೆ ಯಾರಿಗೆ ಹೇಳಬೇಕು’ ಅಂತ ಊರವರನ್ನೇ ಕೇಳಿ ಅವರು ತೋರಿಸಿದವರಿಗೆ. ಗೆದ್ದದ್ದು ಮೂರನೆಯದು. 12 ಬಗೆಯ ಸಂಬಂಧಗಳ ಇಡೀ ನಕ್ಷೆ ತೆಗೆಯಲು ಎಷ್ಟು ಖರ್ಚು, ಎಷ್ಟು ಜನ ಬೇಕು! ಊರಲ್ಲಿ ಸುದ್ದಿ ಹರಡುವವರು ಯಾರು ಅಂತ ಕೇಳಲು ಒಂದು ಪ್ರಶ್ನೆ ಸಾಕು. ದೊಡ್ಡ ಡೇಟಾ ಬೇಕೇಬೇಕು ಅನ್ನುವವರಿಗೆ ಇದನ್ನು ಹೇಳದೆ ಬಿಡಬೇಡಿ.

ಇನ್ನೊಂದು ವಿವರ. ಆ ಮೊದಲ ಸಮೀಕ್ಷೆಯಲ್ಲಿ ಪ್ರತಿ ಊರಿನ ಸುಮಾರು ಅರ್ಧದಷ್ಟು ಮನೆಗಳಲ್ಲಿ ಮಾತ್ರ ಜನರನ್ನು ಕೂರಿಸಿಕೊಂಡು ಈ ಸಂಬಂಧಗಳನ್ನು ಕೇಳಿದ್ದು. ಹಾಗಾದರೆ ಇಬ್ಬರನ್ನೂ ಕೇಳದೆ ಇದ್ದ ಮನೆಗಳ ನಡುವಿನ ಗೆರೆ? ಅದು ಕಾಣುವುದೇ ಇಲ್ಲ. ಕರಾಟೆ ಚಿತ್ರ ತೆಗೆದುಕೊಂಡು ಒಂದೊಂದು ಗೆರೆಗೂ ನಾಣ್ಯ ಚಿಮ್ಮಿಸಿ, ರಾಜ ಬಿದ್ದರೆ ಅಳಿಸಿ. ಯಾರ ಸ್ಥಾನ ಕೆಳಗೆ ಬಂತು, ಯಾರದ್ದು ಗಟ್ಟಿಯಾಗಿ ಉಳಿಯಿತು? ಸ್ಯಾಂಪ್ಲಿಂಗ್ ಪಾಠವನ್ನು ನೆಟ್‌ವರ್ಕ್‌ಗೆ ಜೋಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕಡ್ಲೆಕಾಯಿ ಮೂಟೆಯಿಂದ ಒಂದು ಹಿಡಿ ತೆಗೆದು ಇಡೀ ಮೂಟೆ ಹೇಗಿದೆ ಅಂತ ಹೇಳಬಹುದು. ಬಲೆಯಿಂದ ಒಂದು ಹಿಡಿ ಕತ್ತರಿಸಿದರೆ ಬಲೆ ಹೇಗಿತ್ತು ಅಂತ ಹೇಳಲು ಬರುವುದಿಲ್ಲ.

ಈಗ ಬಿಗ್ ಡೇಟಾ. ಇದನ್ನು ಹಡೂಪ್, ಸ್ಪಾರ್ಕ್ ಅಂತ ಸಾಫ್ಟ್‌ವೇರ್ ಹೆಸರುಗಳ ಪಟ್ಟಿ ಮಾಡಿ ಮುಗಿಸುವವರೇ ಜಾಸ್ತಿ. ಮಾಡಬೇಡಿ. ಮೊದಲು ಗಾತ್ರ ಯಾಕೆ ಕಷ್ಟ ಅಂತ ಲೆಕ್ಕ ಮಾಡಿಸಿ. ನಿಮ್ಮ ಕ್ಲಾಸಿನಲ್ಲಿ 60 ಜನ ಇದ್ದರೆ 1,770 ಜೋಡಿ. ಒಂದು ಲಕ್ಷ ಜನ ಇರುವ ಊರಾದರೆ ಸುಮಾರು 500 ಕೋಟಿ ಜೋಡಿ. ಎಲ್ಲರ ಹೆಸರನ್ನೂ ಅಡ್ಡಕ್ಕೂ ಉದ್ದಕ್ಕೂ ಬರೆದು ಟೇಬಲ್ ಮಾಡಿದರೆ 1,000 ಕೋಟಿ ಮನೆ, ಹೆಚ್ಚೂಕಡಿಮೆ ಎಲ್ಲದರಲ್ಲೂ ಸೊನ್ನೆ. ಒಬ್ಬೊಬ್ಬರಿಗೆ 50 ಜನ ಗೊತ್ತು ಅಂದುಕೊಂಡರೆ ನಿಜವಾಗಿ ಇರುವ ಗೆರೆ 25 ಲಕ್ಷ ಮಾತ್ರ. ಹಾಗಾದರೆ ಇಡೀ ಟೇಬಲ್ ಯಾಕೆ ಇಟ್ಟುಕೊಳ್ಳಬೇಕು, ಇರುವ ಗೆರೆಗಳ ಪಟ್ಟಿ ಸಾಕಲ್ಲ ಅಂತ ಬಿ.ಕಾಂ. ಮಕ್ಕಳೇ ಹೇಳುತ್ತಾರೆ. ಆದರೆ 25 ಲಕ್ಷ ಸಾಲು ಎಕ್ಸೆಲ್‌ಗೂ ಹಿಡಿಸುವುದಿಲ್ಲ. ಅದರ ಒಂದು ಶೀಟಿನಲ್ಲಿ 10,48,576 ಸಾಲು ಮುಗಿದರೆ ಮುಗಿಯಿತು. ಈಗ ಪೈಥಾನ್ ಯಾಕೆ ಬೇಕು ಅಂತ ಅವರಿಗೇ ಅರ್ಥ ಆಯಿತು. ಪೈಥಾನ್ ತರಬೇಕಾದದ್ದು ಈ ಹೊತ್ತಿಗೆ, ಸುಮಾರು ಐದನೇ ವಾರಕ್ಕೆ. ಅದಕ್ಕೂ ಮುಂಚೆ ಅಲ್ಲ.

ಗಾತ್ರ ದೊಡ್ಡದಾದರೆ ಸತ್ಯವೂ ಜಾಸ್ತಿ ಸಿಗುತ್ತದಾ? ಇಲ್ಲಿ ಒಂದು ಇಡೀ ವಾರ ನಿಲ್ಲಿ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಒಂದು ಕೋಟಿ ಜನಕ್ಕೆ ಅಂಚೆಯಲ್ಲಿ ಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸ ತೆಗೆದದ್ದು ಬಹುಪಾಲು ಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ. ಉತ್ತರ ಬರೆದು ಕಳಿಸಿದವರೂ ಅದರಲ್ಲಿ ಒಂದು ಭಾಗ ಮಾತ್ರ. ಇದು ನಿಮಗೆ ಹಳೇ ಕಥೆ, ಮಕ್ಕಳಿಗೆ ಹೊಸದು.

ಅದರ ಪಕ್ಕದಲ್ಲೇ ಗೂಗಲ್ ಫ್ಲೂ ಟ್ರೆಂಡ್ಸ್ ಇಡಿ. ಜನ ಏನು ಹುಡುಕುತ್ತಾರೆ ಅನ್ನುವುದರ ಮೇಲೆ ಫ್ಲೂ ಎಷ್ಟಿದೆ ಅಂತ ಹೇಳುವ ಸೇವೆ, 2008ರಲ್ಲಿ ಶುರುವಾಯಿತು. ಸರ್ಕಾರದ ಅಂಕಿಅಂಶಕ್ಕಿಂತ ಮುಂಚೆಯೇ ಹೇಳುತ್ತದೆ ಅಂತ ಎಲ್ಲರೂ ಹೊಗಳಿದರು. 2014ರಲ್ಲಿ ಡೇವಿಡ್ ಲೇಝರ್ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದರೆ, 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಅದು ಜಾಸ್ತಿ ಹೇಳಿತ್ತು. ಚಳಿಗಾಲದಲ್ಲಿ ಜನ ಹುಡುಕುವ ಎಲ್ಲವೂ ಫ್ಲೂ ಅಲ್ಲ. ಜೊತೆಗೆ ಗೂಗಲ್ ತನ್ನ ಹುಡುಕಾಟದ ವ್ಯವಸ್ಥೆಯನ್ನೇ ಬದಲಾಯಿಸುತ್ತಾ ಇತ್ತು. ನೀವು ಅಕ್ಷರ ಒತ್ತುವುದರೊಳಗೆ ಅದೇ ಪದ ಸೂಚಿಸಿದರೆ ಆ ಹುಡುಕಾಟ ನಿಮ್ಮದಾ, ಗೂಗಲ್‌ದಾ? 2015ರಲ್ಲಿ ಆ ಸೇವೆ ಮುಚ್ಚಿತು. ಈ ಕಥೆಯಲ್ಲಿ ಜೀವಶಾಸ್ತ್ರ, ಕಾಮರ್ಸ್, ಕಂಪ್ಯೂಟರ್ ಮೂರೂ ಬೇಕಾಗುತ್ತದೆ. ಒಬ್ಬರಿಂದ ಬಿಡಿಸಲು ಆಗುವುದಿಲ್ಲ.

ಸಣ್ಣ ಜಗತ್ತಿನ ಕಥೆಯನ್ನೂ ಈ ಜೋಡಿ ಪಾಠದ ರೀತಿಯಲ್ಲೇ ಹೇಳಬಹುದು. ಪರಿಚಯದವರ ಪರಿಚಯ ಹಿಡಿದು ಹೋದರೆ ಯಾರನ್ನಾದರೂ ‘ಆರು ಹೆಜ್ಜೆ’ಯಲ್ಲಿ ಮುಟ್ಟಬಹುದು ಅಂತ ಎಲ್ಲರ ಬಾಯಲ್ಲೂ ಇದೆ. ಟ್ರ್ಯಾವರ್ಸ್, ಮಿಲ್‌ಗ್ರಾಂ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪತ್ರವನ್ನು ಒಬ್ಬ ಪರಿಚಯದವರಿಂದ ಇನ್ನೊಬ್ಬರಿಗೆ ದಾಟಿಸಬೇಕಿತ್ತು. 296 ಜನರಿಂದ ಶುರುವಾಗಿ ಬಾಸ್ಟನ್ ಹತ್ತಿರದ ಒಬ್ಬ ಷೇರು ದಲ್ಲಾಳಿಗೆ ಮುಟ್ಟಿದ್ದು 64 ಪತ್ರ ಮಾತ್ರ. ಉಳಿದವು ಎಲ್ಲೋ ನಿಂತುಹೋದವು. ಆರು ಅನ್ನುವ ಮಾತು ಹುಟ್ಟಿದ್ದು ಮುಟ್ಟಿದ ಪತ್ರಗಳಿಂದ. 2011ರಲ್ಲಿ ಫೇಸ್‌ಬುಕ್‌ನ 72.1 ಕೋಟಿ ಬಳಕೆದಾರರ ನಡುವೆ ಸರಾಸರಿ ದೂರ 4.74 ಅಂತ ಬಂತು. ಅದು ಫೇಸ್‌ಬುಕ್‌ನಲ್ಲಿ ಇದ್ದವರ ದೂರ. ಇಲ್ಲದವರ ದೂರ ಎಷ್ಟು? ಈ ಹೊತ್ತಿಗೆ ನಿಮ್ಮ ಮಕ್ಕಳೇ ಇದನ್ನು ಕೇಳುತ್ತಿರಬೇಕು. ಕೇಳದೆ ಇದ್ದರೆ ಹಿಂದಿನ ವಾರದ ಪಾಠ ಇನ್ನೊಂದು ಸಲ ಮಾಡಬೇಕು, ಅಷ್ಟೆ.

ಪವರ್ ಲಾ, ಅಂದರೆ ಕೆಲವೇ ಚುಕ್ಕೆಗಳಿಗೆ ಬಹಳ ಗೆರೆ, ಉಳಿದ ಬಹುಪಾಲಿಗೆ ಒಂದೆರಡೇ ಅನ್ನುವ ಬಗೆಯ ಹಂಚಿಕೆ. ಅದರ ಬಗ್ಗೆ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಎಲ್ಲ ನೆಟ್‌ವರ್ಕೂ ‘ಸ್ಕೇಲ್ ಫ್ರೀ’, ಅಂದರೆ ಈ ಹಂಚಿಕೆಯದ್ದೇ ಅಂತ ಮೊದಲ ಪಾಠದಲ್ಲೇ ಹೇಳಿಬಿಡುವ ಚಾಳಿ ಬೇಡ. 1999ರಲ್ಲಿ ಬರಾಬಾಶಿ ಮತ್ತು ಆಲ್ಬರ್ಟ್ ಇದನ್ನು ದೊಡ್ಡದಾಗಿ ಮುಂದಿಟ್ಟರು. ಇದ್ದವರಿಗೇ ಮತ್ತಷ್ಟು ಬಂದು ಸೇರುತ್ತದೆ ಅನ್ನುವ ವಿವರಣೆ ಚೆನ್ನಾಗಿದೆ, ಡೆರೆಕ್ ಪ್ರೈಸ್ ಅವರು ಸಂಶೋಧನಾ ಪ್ರಬಂಧಗಳ ಉಲ್ಲೇಖಗಳಲ್ಲಿ ಇದನ್ನು ಅದಕ್ಕೂ ಮುಂಚೆಯೇ ಕಂಡಿದ್ದರು. ಆದರೆ 2019ರಲ್ಲಿ ಬ್ರಾಯ್ಡೊ ಮತ್ತು ಕ್ಲಾಸೆಟ್ ಸಾವಿರದ ಹತ್ತಿರದಷ್ಟು ನೆಟ್‌ವರ್ಕ್‌ಗಳನ್ನು ಪರೀಕ್ಷೆ ಮಾಡಿ, ಬಲವಾದ ಸಾಕ್ಷ್ಯ ಇರುವುದು ಶೇ. 4ರಲ್ಲಿ ಮಾತ್ರ ಅಂದರು. ಜಗಳ ಇನ್ನೂ ಮುಗಿದಿಲ್ಲ. ಜಗಳವನ್ನೇ ಪಾಠ ಮಾಡಿ. ಈ ಹಂಚಿಕೆಯ ಚಿತ್ರ ಬರೆಯಲು ಬೇಕಾದ ಲಾಗ್ ಸ್ಕೇಲ್ ಗೊತ್ತಿಲ್ಲದವರಿಗೆ 1, 10, 100, 1,000 ರೂಪಾಯಿಗಳನ್ನು ಸಮ ಅಂತರದಲ್ಲಿ ಬರೆದು ತೋರಿಸಿದರೆ ಸಾಕು, ಅದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ಬಿಸಿಎ ಮಕ್ಕಳ ಬೋರಿಗೆ ಮದ್ದು ಇದೆ. ಗುಂಪು ಮಾಡುವಾಗ ಒಂದೊಂದು ವಿಭಾಗದಿಂದ ಒಬ್ಬೊಬ್ಬರನ್ನು ಹಾಕಿ, ಸರಿ. ಆದರೆ ‘ನೀನು ಕೋಡ್ ಬರಿ, ನಾವು ರಿಪೋರ್ಟ್ ಬರೀತೀವಿ’ ಅಂತ ಹಂಚಿಕೊಳ್ಳಲು ಬಿಡಬೇಡಿ. ನನ್ನ ಕ್ಲಾಸಿನಲ್ಲಿ ಒಂದು ಕಟ್ಟಾಜ್ಞೆ ಇದೆ. ಪ್ರಾಜೆಕ್ಟಿನ ಮೊದಲ ಪುಟದಲ್ಲಿ ನಮ್ಮ ಚುಕ್ಕೆ ಯಾವುದು, ಗೆರೆ ಯಾವುದು, ಯಾರು ಬಿಟ್ಟುಹೋದರು ಅಂತ ಬರೆಯಬೇಕು, ಅದನ್ನು ಕೋಡ್ ಬರೆಯುವವನು ಬರೆಯಬೇಕು. ಕೋಡ್‌ನ ಪ್ರತಿ ಸಾಲು ಏನು ಮಾಡುತ್ತದೆ ಅಂತ ಕೋಡ್ ಬಾರದವಳು ವಿವರಿಸಬೇಕು. ಮೊದಮೊದಲು ಗೊಣಗುತ್ತಾರೆ.

ಇನ್ನು ಅವರಿಗೆ ನಿಜವಾದ ಸವಾಲು ಬೇಕಾದರೆ ಹೆಸರುಗಳ ಪಟ್ಟಿ ಕೊಡಿ. ಮಂಜುನಾಥ, ಮಂಜುನಾಥ್, ಮಂಜುನಾಥ ಎಸ್., ಎಸ್. ಮಂಜುನಾಥ. ಇವರು ನಾಲ್ಕು ಜನವಾ, ಇಬ್ಬರಾ, ಒಬ್ಬನೇನಾ? ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪಟ್ಟಿಯಾದರೆ ಇನ್ನೂ ನಾಲ್ಕು ರೂಪ. ಎಲ್ಲರನ್ನೂ ಬೇರೆ ಬೇರೆ ಅಂತ ಬಿಟ್ಟರೆ ನೆಟ್‌ವರ್ಕ್ ಚೂರು ಚೂರಾಗುತ್ತದೆ. ಎಲ್ಲರನ್ನೂ ಒಂದು ಮಾಡಿದರೆ ಊರಿಗೆಲ್ಲ ಬೇಕಾದ ಮಹಾನಾಯಕ ಒಬ್ಬ ಹುಟ್ಟಿಬಿಡುತ್ತಾನೆ. ಅಂಥ ಮನುಷ್ಯನೇ ಇಲ್ಲ! ಇದನ್ನು ಸರಿಮಾಡಲು ಪ್ರೋಗ್ರಾಂ ಬರೆಯಲಿ. ಬರೆದ ಮೇಲೆ, ನಮ್ಮಲ್ಲಿ ಇನಿಷಿಯಲ್ ಅಂದರೆ ಅಪ್ಪನ ಹೆಸರಾ ಊರ ಹೆಸರಾ ಅಂತ ಹೇಳಲು ಮತ್ತೆ ಮಾನವಿಕದವರೇ ಬೇಕು.

ಒಂದು ಎಚ್ಚರಿಕೆ. ಕ್ಲಾಸಿನಲ್ಲಿ ‘ನಿನ್ನ ಫ್ರೆಂಡ್ಸ್ ಯಾರು’ ಅಂತ ಚೀಟಿ ಬರೆಸಿ ಅದನ್ನೇ ಪ್ರೊಜೆಕ್ಟರ್ ಮೇಲೆ ಹಾಕುವುದು ಬಹಳ ಜನ ಮಾಡುವ ಕೆಲಸ. ದಯವಿಟ್ಟು ಮಾಡಬೇಡಿ. ಯಾರ ಹೆಸರಿಗೂ ಗೆರೆ ಇಲ್ಲದ ಒಂದು ಚುಕ್ಕೆ ಇರುತ್ತದೆ, ಅದು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಜಾತಿ, ಹಾಸ್ಟೆಲ್ಲು, ಯಾರು ಯಾರ ಜೊತೆ ಓಡಾಡುತ್ತಾರೆ ಎಲ್ಲ ಆ ಚಿತ್ರದಲ್ಲಿ ಬಿಚ್ಚಿಕೊಳ್ಳುತ್ತದೆ. ಹೆಸರು ತೆಗೆದು ನಂಬರ್ ಹಾಕಿದರೂ 60 ಜನರ ಕ್ಲಾಸಿನಲ್ಲಿ ಗುಟ್ಟು ಉಳಿಯುವುದಿಲ್ಲ. ಬೇಕಾದರೆ ‘ಹೆಸರು ತೆಗೆದರೂ ಯಾಕೆ ಗುರುತು ಸಿಗುತ್ತದೆ’ ಅನ್ನುವುದನ್ನು ಕರಾಟೆ ಚಿತ್ರದ ಮೇಲೆ ತೋರಿಸಿ. 17 ಗೆರೆ ಇರುವವನಿಗೆ ಹೆಸರು ಯಾಕೆ ಬೇಕು?

ಲ್ಯಾಬಿನ ವಿಷಯ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ನಾಲ್ಕು ವಾರ ಕಾಗದ ಪೆನ್ಸಿಲ್‌ನಲ್ಲೇ ಹೋಗುತ್ತದೆ. ಆಮೇಲೆ ಗುಂಪಿಗೆ ಒಂದು ಕಂಪ್ಯೂಟರ್ ಸಾಕು. ಇನ್‌ಸ್ಟಾಲ್ ಮಾಡುವ ಗೋಜು ಬೇಡ ಅಂದರೆ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ, ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಅನ್ನುವ ಲೈಬ್ರರಿಯಲ್ಲಿ ಕರಾಟೆ ಕ್ಲಬ್ಬಿನ ಡೇಟಾ ಆಗಲೇ ಇದೆ. ಕೋಡ್ ಬೇಡದವರಿಗೆ ಗೆಫಿ, ಜೀವಶಾಸ್ತ್ರದವರಿಗೆ ಸೈಟೋಸ್ಕೇಪ್. ಎರಡೂ ನೆಟ್‌ವರ್ಕ್ ಚಿತ್ರ ಬರೆಯುವ ಸಾಫ್ಟ್‌ವೇರ್, ಎರಡೂ ಉಚಿತ. ಗೆಫಿಯಲ್ಲಿ ಬಣ್ಣಬಣ್ಣದ ಚಿತ್ರ ಬಂದ ಕೂಡಲೇ ‘ಮಧ್ಯದಲ್ಲಿ ಇರೋನೇ ಮುಖ್ಯ’ ಅಂತ ಓದಲು ಶುರು ಮಾಡುತ್ತಾರೆ. ಅದೇ ಡೇಟಾಕ್ಕೆ ಬೇರೆ ಲೇಔಟ್ (ಚುಕ್ಕೆಗಳನ್ನು ಹರಡುವ ರೀತಿ) ಹಾಕಿ ತೋರಿಸಿ, ಮಧ್ಯದಲ್ಲಿದ್ದವನು ಮೂಲೆಗೆ ಹೋಗಿರುತ್ತಾನೆ.

ಪರೀಕ್ಷೆಯಲ್ಲಿ ‘ಬಿಗ್ ಡೇಟಾದ ಲಕ್ಷಣಗಳನ್ನು ವಿವರಿಸಿ’ ಅಂತ ಕೇಳಿದರೆ ಸೆಮಿಸ್ಟರ್ ಪೂರ್ತಿ ಮಾಡಿದ್ದು ದಂಡ. ಎಲ್ಲರಿಗೂ ಒಂದೇ ಪೇಪರ್ ಇರಲಿ, ಪ್ರಶ್ನೆ ಹೀಗಿರಲಿ: ‘ಒಂದು ತಾಲ್ಲೂಕು ಆಸ್ಪತ್ರೆಯ ಒಂದು ತಿಂಗಳ ಒಪಿಡಿ ರಿಜಿಸ್ಟರ್ ನಿಮ್ಮ ಕೈಗೆ ಬಂದಿದೆ. ರೋಗಿ, ಊರು, ತಾರೀಕು, ಡಾಕ್ಟರು, ಕಾಯಿಲೆ ಇಷ್ಟು ಕಾಲಂ ಇವೆ. ಇದರಿಂದ ಎರಡು ಬೇರೆ ಬೇರೆ ನೆಟ್‌ವರ್ಕ್ ಮಾಡಿ. ಎರಡರಲ್ಲೂ ಚುಕ್ಕೆ, ಗೆರೆ ಯಾವುದು ಬರೆಯಿರಿ. ಒಂದರಿಂದ ಉತ್ತರ ಸಿಕ್ಕಿ ಇನ್ನೊಂದರಿಂದ ಸಿಗದ ಒಂದು ಪ್ರಶ್ನೆ ಹೇಳಿ. ಈ ರಿಜಿಸ್ಟರಿನಲ್ಲಿ ಯಾರ ಹೆಸರು ಬರುವುದೇ ಇಲ್ಲ?’ ಹದಿನೈದು ಅಂಕ. ಅದರಲ್ಲಿ ಐದು ಕೊನೆಯ ಪ್ರಶ್ನೆಗೆ ಇಡಿ.